ಹಾಲಿ ಏನ್ರೀ, ಕಲ್ದಾರ್ ಏನ್ರೀ?

ಹೈದರಾಬಾದಿನ ನಾಚಾರಂನಲ್ಲಿ ನೆಲೆಸಿದ ಬೀದರ, ಕಲಬುರಗಿ ಕಡೆಯವರು ನೇಪಾಳಕ್ಕೆ ಹೊರಟರೆ ಸ್ವೆಟರು, ಗುಳಿಗೆ, ರೊಟ್ಟಿಯ ಗಂಟಿನ ಬಗ್ಗೆ ದಿನಗಟ್ಟಲೆ ಚರ್ಚಿಸುತ್ತಾರೆ. ದುಡ್ಡಿನ ವಿಚಾರ ಬಂದರೆ ಮಾತ್ರ ‘ಅಲ್ಲಿ ನಮ್ಮ ರೂಪಾಯೇ ನಡೀತದ ಬಿಡ್ರಿ’ ಅಂದು ಮುಗಿಸುತ್ತಾರೆ. ನಡೆಯುತ್ತದೆ, ನಿಜ. ಆದರೆ ಎಷ್ಟಕ್ಕೆ ನಡೆಯುತ್ತದೆ, ಯಾವ ನೋಟು ನಡೆಯುತ್ತದೆ, ಮರಳಿ ಬರುವಾಗ ಏನಾಗುತ್ತದೆ ಎಂಬ ಮೂರು ಪ್ರಶ್ನೆ ಉಳಿದೇ ಇರುತ್ತವೆ. ಇವರ ಅಜ್ಜಂದಿರಿಗೆ ಈ ಮೂರೂ ಬಾಯಿಪಾಠವಾಗಿದ್ದವು. ಏಕೆಂದರೆ ಅವರಿದ್ದದ್ದು ನಿಜಾಮರ ಹೈದರಾಬಾದ್ ರಾಜ್ಯದಲ್ಲಿ, ಹಣದ ಮಟ್ಟಿಗೆ ಪಕ್ಕದ ಬ್ರಿಟಿಷ್ ಸೀಮೆಯೇ ಆಗ ನೆರೆದೇಶ.

ನಿಜಾಮರ ರಾಜ್ಯಕ್ಕೆ ತನ್ನದೇ ರೂಪಾಯಿ ಇತ್ತು: ಹಾಲಿ ಸಿಕ್ಕ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ ನಾಣ್ಯದ ಮೇಲೆ ಚಾರ್‌ಮಿನಾರ್, ಅದರ ಕಮಾನಿನೊಳಗೆ ಅವರ ಹೆಸರಿನ ಮೊದಲಕ್ಷರ. ಬ್ರಿಟಿಷ್ ಸರ್ಕಾರದ ರೂಪಾಯಿಗೆ ಜನ ಇಟ್ಟ ಹೆಸರು ಕಲ್ದಾರ್. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರು ಹಾಲಿಯಲ್ಲಿ ಬದುಕಿದರೆ, ವಿಜಾಪುರ, ಧಾರವಾಡ, ಬಳ್ಳಾರಿಯ ಕನ್ನಡಿಗರು ಕಲ್ದಾರಿನಲ್ಲಿ ಬದುಕಿದರು. ಗದಗಿನಿಂದ ಹೊಸಪೇಟೆಗೆ ರೈಲು ಹತ್ತಿದವರು ಮುಂಬಯಿ ಪ್ರಾಂತ ಬಿಟ್ಟು, ಕೊಪ್ಪಳದಲ್ಲಿ ನಿಜಾಮರ ಸೀಮೆ ಹಾದು, ಮದ್ರಾಸ್ ಪ್ರಾಂತದಲ್ಲಿ ಇಳಿಯುತ್ತಿದ್ದರು. ಹಂಪಿಯಿಂದ ಹರಿಗೋಲಿನಲ್ಲಿ ತುಂಗಭದ್ರೆ ದಾಟಿ ಆನೆಗೊಂದಿಯ ದಂಡೆ ಮುಟ್ಟಿದರೆ, ಭಾಷೆ ಅದೇ, ದೇವರು ಅದೇ, ರೂಪಾಯಿ ಮಾತ್ರ ಬೇರೆ.

ದರ ಸರಳ. ಏಳು ಹಾಲಿಗೆ ಆರು ಕಲ್ದಾರ್. ನೂರು ಕಲ್ದಾರ್ ಕೊಟ್ಟರೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಇದು ಯಾರೋ ಕುರ್ಚಿಯಲ್ಲಿ ಕೂತು ಮನಸ್ಸಿಗೆ ಬಂದಂತೆ ಬರೆದ ಲೆಕ್ಕವಲ್ಲ. ನಾಣ್ಯದ ಹೊಟ್ಟೆಯೊಳಗೇ ಇತ್ತು. ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಹಾಲಿಯ ತೂಕ ಸುಮಾರು 11.2 ಗ್ರಾಂ, ಬೆಳ್ಳಿ 82 ಪಾಲಿನ ಆಸುಪಾಸು. ಎರಡರ ಬೆಳ್ಳಿಯನ್ನು ತೂಗಿ ನೋಡಿದರೆ ಹತ್ತಿರ ಹತ್ತಿರ ಏಳಕ್ಕೆ ಆರೇ ಬರುತ್ತದೆ. ಸರಾಫನ ತಕ್ಕಡಿಗೆ ಸರ್ಕಾರಿ ಆದೇಶದ ಅಗತ್ಯವಿರಲಿಲ್ಲ.

ಈ ಲೆಕ್ಕದಲ್ಲಿ ಒಂದು ಕುತೂಹಲದ ಓರೆಯಿದೆ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ಅಂದರೆ ರೂಪಾಯಿಗೆ 192 ಪೈ. ಒಂದು ಕಲ್ದಾರನ್ನು ಹಾಲಿಗೆ ಬದಲಿಸಿದರೆ ಸರಿಯಾಗಿ 224 ಪೈ, ಒಂದು ಚೂರೂ ಉಳಿಯುವುದಿಲ್ಲ. ತಿರುಗಿ ಒಂದು ಹಾಲಿಯನ್ನು ಕಲ್ದಾರಿಗೆ ಬದಲಿಸಹೋದರೆ 164 ಪೈ, ಮೇಲೆ ಪೈಯ ಏಳರಲ್ಲಿ ನಾಲ್ಕು ಭಾಗದ ಚೂರು. ಆ ಚೂರಿಗೆ ನಾಣ್ಯವೇ ಇಲ್ಲ. ನಿಜಾಮರ ರಾಜ್ಯದೊಳಕ್ಕೆ ಬರುವ ಪ್ರಯಾಣಿಕನಿಗೆ ಲೆಕ್ಕ ಚೊಕ್ಕ, ಹೊರಹೋಗುವವನಿಗೆ ಸದಾ ಮುರುಕು. ಮುರುಕು ಯಾರ ಗಲ್ಲೆಗೆ ಬೀಳುತ್ತದೆಂದು ಹೇಳಬೇಕಿಲ್ಲ. ಅದರ ಮೇಲೆ ವಟ್ಟ, ಅಂದರೆ ಹಣ ಬದಲಿಸಿ ಕೊಡುವವನ ದಲಾಲಿ, ಬೇರೆ. ಕಲ್ದಾರ್ ತಂದು ಬದಲಿಸುವ ಪ್ರಯಾಣಿಕ ಹೋಗುವಾಗಲ್ಲ, ಮರಳುವಾಗ ಸೋಲುತ್ತಾನೆ ಎಂಬುದು ನನ್ನ ಲೆಕ್ಕ. ನೇಪಾಳಕ್ಕೂ ಇದು ಹೊಂದುತ್ತದೆ.

ಕಾಗದದ ನೋಟು ಬಂದದ್ದು ಮೊದಲ ಮಹಾಯುದ್ಧದ ಬೆಳ್ಳಿಯ ಬರದಿಂದ. 1918ರಲ್ಲಿ ಕಾಯ್ದೆ ಮಾಡಿ ಹತ್ತು ಮತ್ತು ನೂರರ ನೋಟುಗಳನ್ನು ತಂದರು, ಆಮೇಲೆ ಒಂದು ಮತ್ತು ಐದರವು, 1926ರಲ್ಲಿ ಸಾವಿರದ್ದು. ನೋಟಿನ ಮೇಲೆ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡವೂ ಇದ್ದವು. ಅದೇ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾತ್ರ ಉರ್ದುವಿನಲ್ಲಿ. ಕನ್ನಡಿಗನ ಓದಿಗೆ ಸಿಗದ ಲಿಪಿ ಅವನ ಜೇಬಿನಲ್ಲಿತ್ತು.

ದರ ಎಷ್ಟು ಗಟ್ಟಿಯಿದ್ದರೂ ಅದನ್ನು ಕೆಡಿಸಲು ಒಂದು ಆದೇಶ ಸಾಕು. 1947ರ ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ ಸ್ವಲ್ಪ ದಿನಕ್ಕೇ ನಿಜಾಮರ ಸರ್ಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಒಂದು, ಬೆಳ್ಳಿ ಬಂಗಾರ ಭಾರತಕ್ಕೆ ಹೋಗದಂತೆ ತಡೆಯುವುದು. ಇನ್ನೊಂದು, ಭಾರತದ ರೂಪಾಯಿ ಹೈದರಾಬಾದಿನಲ್ಲಿ ಕಾನೂನುಬದ್ಧ ಹಣವಲ್ಲ ಎಂದು ಸಾರುವುದು. ದೆಹಲಿ ಕೆರಳಿತು, ಮುಂದಿನ ಜಗಳಗಳ ಪಟ್ಟಿಯಲ್ಲಿ ಇದೂ ಸೇರಿತು. ದೊಡ್ಡವರ ಜಗಳ ಏನೇ ಇರಲಿ, ಗಡಿಯ ಸಂತೆಗೆ ಬಂದವನ ಗಂಟಿನಲ್ಲಿದ್ದ ಕಲ್ದಾರು ಏಕಾಏಕಿ ಅನುಮಾನದ ವಸ್ತುವಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿಕೊಂಡ ಪೊಲೀಸ್ ಕಾರ್ಯಾಚರಣೆಯ ನಂತರವೂ ಹಾಲಿ ತಕ್ಷಣ ಸಾಯಲಿಲ್ಲ. ಐವತ್ತರ ದಶಕದಲ್ಲಿ ಎರಡೂ ರೂಪಾಯಿಗಳು ಕೆಲಕಾಲ ಜೊತೆಯಾಗಿ ನಡೆದವು, ಅದೇ ಏಳಕ್ಕೆ ಆರರ ದರದಲ್ಲಿ. ಬೆಲೆ ಹೇಳಿದಾಗಲೆಲ್ಲ ಎದುರು ಪ್ರಶ್ನೆ: ‘ಹಾಲಿ ಏನ್ರೀ, ಕಲ್ದಾರ್ ಏನ್ರೀ?’

ಇವತ್ತು ಹೈದರಾಬಾದಿನಿಂದ ನೇರ ರೈಲಿನಲ್ಲಿ ಬಿಹಾರದ ರಕ್ಸೌಲ್ ತಲುಪಿ, ಗಡಿ ದಾಟಿ ನೇಪಾಳದ ಬೀರ್‌ಗಂಜ್‌ನಲ್ಲಿ ಕಾಲಿಟ್ಟರೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ: ‘ಐಸಿಯೋ, ಎನ್‌ಸಿಯೋ?’ ಐಸಿ ನಮ್ಮದು, ಎನ್‌ಸಿ ಅವರದು. 1993ರಿಂದ ದರ ಅಲುಗಿಲ್ಲ: ನಮ್ಮ ನೂರಕ್ಕೆ ಅವರ 160. ಚೌಕಾಸಿಗೆ ಮೊದಲು ಈ ಪ್ರಶ್ನೆಯನ್ನು ನಾವೇ ಕೇಳಿಬಿಡಬೇಕು. ‘ಎಂಟುನೂರು’ ಎಂದ ಟ್ಯಾಕ್ಸಿಯವನಿಗೆ ಐದುನೂರು ಐಸಿ ಕೊಟ್ಟರೆ ಲೆಕ್ಕ ಮುಗಿಯಿತು. ಕೇಳದೆ ಎಂಟುನೂರು ಐಸಿಯನ್ನೇ ಎಣಿಸಿ ಕೊಡುವವರೂ ಇದ್ದಾರೆ, ಬೇಡವೆನ್ನುವ ಟ್ಯಾಕ್ಸಿಯವರು ಅಪರೂಪ.

ಯಾವ ನೋಟು ಎಂಬುದು ಇನ್ನೂ ತೊಡಕಿನದು. ನಮ್ಮಲ್ಲಿ 2016ರಲ್ಲಿ ನೋಟು ರದ್ದಾದಾಗ ನೇಪಾಳದ ಬ್ಯಾಂಕುಗಳಲ್ಲಿ, ಮನೆಗಳಲ್ಲಿ ಇದ್ದ ಹಳೆಯ ಐನೂರು, ಸಾವಿರದ ನೋಟುಗಳು ಅಲ್ಲೇ ಕೊಳೆತವು. ಆ ಕಹಿಯ ಬೆನ್ನಿಗೇ 2018ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ಇಂಥ ನಿಯಮ ಎರಡೂ ಕಡೆ ಆಗಾಗ ಬದಲಾಗುತ್ತದೆ, ಆದ್ದರಿಂದ ಹೊರಡುವ ವಾರ ಬ್ಯಾಂಕಿನಲ್ಲಿ ಕೇಳುವುದು ಸರಿ. ಕೇಳಿದ ಮೇಲೂ ನೂರರ ಒಂದೆರಡು ಕಟ್ಟು ಜೊತೆಗಿರಲಿ ಎಂದೇ ನಾನು ಹೇಳುವುದು. ನೂರರ ನೋಟಿಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಪಶುಪತಿನಾಥನ ಗುಡಿಯ ಮುಖ್ಯ ಅರ್ಚಕರಾದ ಮೂಲಭಟ್ಟರು ನಮ್ಮ ಕರ್ನಾಟಕ ಮೂಲದವರೇ ಆದರೂ ಗುಡಿಯ ಹೊರಗಿನ ಹೂವಿನ ಅಂಗಡಿ ಅವರದಲ್ಲ, ಅಲ್ಲೂ ಕೈಹಿಡಿಯುವುದು ಈ ನೂರರ ನೋಟೇ. 2024ರಿಂದ ನೇಪಾಳದ ಕ್ಯೂಆರ್ ಚೀಟಿಗಳಿಗೆ ನಮ್ಮ ಯುಪಿಐ ಕೂಡ ಹೊಂದಿಕೊಂಡಿದೆ. ಪೇಟೆಯಲ್ಲಿ ಅನುಕೂಲ, ಬೆಟ್ಟದ ಹಾದಿಯಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರುವಂತಿಲ್ಲ.

ಇನ್ನು ಮರಳಿ ಬರುವ ಮಾತು. ನೂರು ನೇಪಾಳಿ ರೂಪಾಯಿಗೆ ಪುಸ್ತಕದ ಪ್ರಕಾರ ಅರವತ್ತೆರಡೂವರೆ. ಆ ಅರ್ಧ ರೂಪಾಯಿ ನಿಮಗೆ ಸಿಗದು, ಅರವತ್ತರ ಮೇಲಿನ ಎರಡು ರೂಪಾಯಿಯೂ ಸಿಗದಿರಬಹುದು. ಏಳಕ್ಕೆ ಆರರ ಮುರುಕಿನ ತಮ್ಮ ಇದು. ನಾಚಾರಂ ತನಕ ಹೊತ್ತು ತಂದ ನೇಪಾಳಿ ನೋಟನ್ನು ಇಲ್ಲಿನ ಕಿರಾಣಿಯವನು ತಿರುಗಿಸಿ ನೋಡಿ ವಾಪಸು ಕೊಡುತ್ತಾನೆ, ಅಷ್ಟೇ. ಆದ್ದರಿಂದ ಒಟ್ಟಿಗೆ ದೊಡ್ಡ ಮೊತ್ತ ಬದಲಿಸದೆ, ಎರಡು ದಿನಕ್ಕೆ ಬೇಕಾದಷ್ಟನ್ನೇ ಬದಲಿಸುತ್ತ ಹೋಗುವುದು ಮೇಲು. ಉಳಿದದ್ದಕ್ಕೆ ಬೀರ್‌ಗಂಜ್‌ನಲ್ಲೇ ಊಟ ಮಾಡಿ, ಚಹಾ ಕುಡಿದು, ರಕ್ಸೌಲ್‌ಗೆ ಟಾಂಗಾನೋ ಇ-ರಿಕ್ಷಾನೋ ಹಿಡಿಯಬಹುದು. ಬಾಡಿಗೆ ಮಾತಾಡುವಾಗ ಕೇಳಿಕೊಳ್ಳಿ, ಐಸಿಯೋ ಎನ್‌ಸಿಯೋ ಅಂತ.