ಕೂಸಿನ ಪಾಲಿನ ಗಿಣ್ಣು

ಮಕ್ಕಳೇ, ನಿಮ್ಮ ವಯಸ್ಸೆಷ್ಟು? ಹತ್ತೋ, ಹನ್ನೆರಡೋ? ಪಕ್ಕದಲ್ಲಿ ಕೂತು ನಿಮ್ಮಿಂದ ಇದನ್ನು ಓದಿಸಿ ಕೇಳುತ್ತಿರುವ ತಾತನಿಗೆ ಎಪ್ಪತ್ತೈದು ಇರಬಹುದು. ಆದರೆ ನಿಮ್ಮಿಬ್ಬರ ಸಣ್ಣ ಕರುಳಿನ ಒಳಪದರದ ವಯಸ್ಸು ಹೆಚ್ಚುಕಡಿಮೆ ಒಂದೇ. ಮೂರರಿಂದ ಐದು ದಿನ ಅಷ್ಟೇ!

ನಂಬಿಕೆ ಬರಲಿಲ್ಲವೇ? ಹೇಳುತ್ತೇನೆ, ಕೇಳಿ. ಸಣ್ಣ ಕರುಳು ನಮ್ಮ ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡಿರುವ ಸುಮಾರು 6 ಮೀಟರ್ ಉದ್ದದ ಕೊಳವೆ. ಅದರ ಒಳಗೋಡೆ ನುಣ್ಣಗಿಲ್ಲ. ಟರ್ಕಿ ಟವೆಲ್ಲಿನ ಮೇಲೆ ಎಳೆಗಳಿರುತ್ತವಲ್ಲ, ಹಾಗೆ ಲಕ್ಷಾಂತರ ಪುಟ್ಟ ಎಳೆಗಳು ಅದರ ತುಂಬ ನಿಂತಿವೆ. ಇವುಗಳಿಗೆ ವಿಲ್ಲೈ ಎಂದು ಹೆಸರು. ನಾವು ಉಂಡ ರೊಟ್ಟಿ, ಪಲ್ಯ, ಮಜ್ಜಿಗೆಯ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಈ ಎಳೆಗಳ ಮೇಲಿರುವ ಜೀವಕೋಶಗಳು.

ಎಳೆಗಳ ಬುಡದಲ್ಲಿ ಸಣ್ಣ ಸಣ್ಣ ಕುಳಿಗಳಿವೆ. ಭತ್ತ ಬೆಳೆಯುವವರು ಮೊದಲು ಸಸಿಮಡಿ ಹಾಕುತ್ತಾರಲ್ಲ, ಆ ಕುಳಿಗಳೇ ಕರುಳಿನ ಸಸಿಮಡಿ. ಹೊಸ ಕೋಶಗಳು ಅಲ್ಲಿ ಹುಟ್ಟಿ, ಎಳೆಯ ಮೈಮೇಲೆ ನಿಧಾನವಾಗಿ ಏರಿ, ತುದಿ ಮುಟ್ಟಿ, ಉದುರಿ ಹೋಗುತ್ತವೆ. ಹಿಂದಿನಿಂದ ಮತ್ತೆ ಹೊಸವು ಬರುತ್ತವೆ. ಬಿಸಿ, ಖಾರ, ಹುಳಿ, ರೋಗಾಣು ಎಲ್ಲವನ್ನೂ ತಡೆದುಕೊಳ್ಳಬೇಕಾದ ಪದರ ಇದು. ಹಾಗಾಗಿ ಇದರ ರಿಪೇರಿ ಕೆಲಸಕ್ಕೆ ಒಂದು ದಿನವೂ ರಜೆಯಿಲ್ಲ.

ಹೊಸ ಕೋಶ ಮಾಡು, ಗಾಯ ಮುಚ್ಚು ಎಂದು ಅಲ್ಲಿಗೆ ಹೇಳಿ ಕಳಿಸುವವರು ಯಾರು? ಹಾಗೆ ಹೇಳುವ ವಸ್ತುಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದರ ಹೆಸರು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. ಚಿಕ್ಕದಾಗಿ ಇ.ಜಿ.ಎಫ್. ಅನ್ನೋಣ. ಅದು 53 ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಪ್ರೋಟೀನು. ಕೋಶದ ಹೊರಮೈಯಲ್ಲಿ ಅದಕ್ಕೆಂದೇ ಒಂದು ಬೀಗವಿದೆ. ಕೀಲಿಕೈಯಂತೆ ಇದು ಹೋಗಿ ಅಲ್ಲಿ ಕೂತರೆ ಕೋಶಕ್ಕೆ ಒಡೆದು ಎರಡಾಗುವ ಅಪ್ಪಣೆ ಸಿಗುತ್ತದೆ. ಗಾಯವಾದ ಕಡೆ ಅಂಚಿನ ಕೋಶಗಳು ತೆವಳಿ ಬಂದು ಬರಿದಾದ ಜಾಗವನ್ನು ಮುಚ್ಚುತ್ತವೆ.

ಇದನ್ನು ಕಂಡುಹಿಡಿದವರು ಅಮೆರಿಕದ ಸ್ಟ್ಯಾನ್ಲಿ ಕೋಹೆನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1922ರಲ್ಲಿ ಹುಟ್ಟಿದವರು, ಒಬ್ಬ ದರ್ಜಿಯ ಮಗ. ಅವರು ಇಲಿಗಳ ಜೊಲ್ಲು ಗ್ರಂಥಿಯ ರಸವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿ ನೋಡುತ್ತಿದ್ದರು. ಇಲಿಮರಿ ಕಣ್ಣು ಬಿಡುವುದು ಸಾಮಾನ್ಯವಾಗಿ 12ರಿಂದ 14ನೇ ದಿನಕ್ಕೆ. ಈ ಮರಿಗಳು ಏಳನೇ ದಿನಕ್ಕೇ ಕಣ್ಣು ಬಿಟ್ಟವು! ಹಲ್ಲೂ ಬೇಗ ಮೂಡಿದವು. ಬೇರೆಯವರಾಗಿದ್ದರೆ ‘ಏನೋ ಆಗಿದೆ ಬಿಡು’ ಎಂದು ಸುಮ್ಮನಾಗುತ್ತಿದ್ದರೇನೋ. ಕೋಹೆನ್ ಸುಮ್ಮನಿರಲಿಲ್ಲ. ಆ ರಸದಿಂದ ಇ.ಜಿ.ಎಫ್. ಅನ್ನು ಬೇರ್ಪಡಿಸಿ 1962ರಲ್ಲಿ ಜಗತ್ತಿಗೆ ತಿಳಿಸಿದರು. 1986ರಲ್ಲಿ ರೀಟಾ ಲೆವಿ ಮೊಂಟಾಲ್ಚಿನಿ ಅವರ ಜೊತೆ ಅವರಿಗೆ ನೊಬೆಲ್ ಬಹುಮಾನ ಬಂತು.

ಅಂದರೆ ನಾವು ‘ಥೂ’ ಎಂದು ಉಗಿಯುವ ಜೊಲ್ಲಿನಲ್ಲೂ ಇ.ಜಿ.ಎಫ್. ಇದೆ. ಪ್ರತಿ ತುತ್ತಿನ ಜೊತೆ ಅದು ಹೊಟ್ಟೆಗೆ ಇಳಿಯುತ್ತದೆ. ಜೊಲ್ಲು ಗ್ರಂಥಿ ತೆಗೆದ ಇಲಿಗಳಲ್ಲಿ ಹೊಟ್ಟೆಯ ಹುಣ್ಣು ತಡವಾಗಿ ಮಾಯುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಇದು ಇನ್ನೊಂದು ಕಡೆಯೂ ಇದೆ: ತಾಯಿಯ ಎದೆಹಾಲಿನಲ್ಲಿ. ಹೆರಿಗೆಯಾದ ಮೊದಲ ಕೆಲವು ದಿನಗಳ ದಪ್ಪನೆಯ ಹಳದಿ ಹಾಲಿನಲ್ಲಂತೂ ಹೆಚ್ಚು.

ಇಲ್ಲಿ ನಮ್ಮೂರಿನ ಒಂದು ಮಾತು ಹೇಳಬೇಕು. ನಮ್ಮೂರು ಗೂಗಲ್. ಮೊಬೈಲಿನೊಳಗಿನ ಗೂಗಲ್ ಅಲ್ಲ ಮತ್ತೆ! ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ, ಅಲ್ಲಮಪ್ರಭುವಿನ ಗುಡಿಯಿರುವ ಊರು. ನಮ್ಮ ಓಣಿಗೆ ಹೆರಿಗೆಗೆಂದು ತವರಿಗೆ ಬಂದ ಮಗಳೊಬ್ಬಳು ಆಸ್ಪತ್ರೆಯಲ್ಲಿ ಹೆತ್ತಿದ್ದಳು. ನೋಡಲು ಹೋದಾಗ ಕೂಸಿನ ಅಜ್ಜಿ ಹೇಳಿದರು, “ಆ ಹಳದಿ ಹಾಲು ಕೂಸಿಗೆ ಅರಗಂಗಿಲ್ರಿ. ಹಿಂಡಿ ಚೆಲ್ಲೂದು ಮೊದಲಿಂದ ನಮ್ಮ ಪದ್ಧತಿ. ಮೂರು ದಿನ ಜೇನುತುಪ್ಪ, ಸಕ್ಕರಿ ನೀರು ನೆಕ್ಕಿಸ್ತೀವಿ.”

ನಾನು ಕೇಳಿದೆ, “ಯವ್ವಾ, ನಿನ್ನ ಎಮ್ಮಿ ಈದಾಗ ಗಿಣ್ಣು ಚೆಲ್ತೀಯೇನಬೇ?”

“ಅಯ್ಯ, ಅದನ್ಯಾಕ ಚೆಲ್ಲಲಿ? ಮೊದಲು ಕರಕ್ಕ ಕುಡಿಸಿ, ಉಳಿದದ್ದಕ್ಕ ಬೆಲ್ಲ ಹಾಕಿ ಕಾಸಿ ಓಣಿಗೆಲ್ಲ ಹಂಚ್ತೀನಿ.”

“ಮತ್ತ ಕೂಸಿನ ಪಾಲಿನ ಗಿಣ್ಣು ಯಾಕ ಚೆಲ್ಲಾಕ ಹೊಂಟೀ?”

ಅಜ್ಜಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ ನಕ್ಕು, “ಖರೇ ಐತ್ ನೋಡ್ರಿ” ಎನ್ನುತ್ತ ಕೂಸನ್ನೆತ್ತಿ ತಾಯಿಯ ಮಗ್ಗುಲಿಗೆ ಹಾಕಿದರು. ಆಶಾ ಕಾರ್ಯಕರ್ತೆ ಅದೇ ಮಾತನ್ನು ಬೆಳಗಿನಿಂದ ಹೇಳುತ್ತಿದ್ದರಂತೆ. ಎಮ್ಮೆಯ ಲೆಕ್ಕ ಅಜ್ಜಿಗೆ ಬೇಗ ತಿಳಿಯಿತು.

ಹುಟ್ಟಿದ ಕೂಸಿನ ಕರುಳು ಅದುವರೆಗೆ ಹಾಲನ್ನೇ ಕಂಡಿರುವುದಿಲ್ಲ. ಅದು ಬೆಳೆಯಬೇಕು, ಬಲಿಯಬೇಕು, ರೋಗಾಣುಗಳಿಗೆ ಬಾಗಿಲು ಮುಚ್ಚಬೇಕು. ಗಿಣ್ಣುಹಾಲಿನಲ್ಲಿ ರೋಗ ತಡೆಯುವ ಪ್ರತಿಕಾಯಗಳಿವೆ. ಕರುಳಿಗೆ ‘ಬೆಳೆ’ ಎನ್ನುವ ಇ.ಜಿ.ಎಫ್. ಇದೆ. ತೀರಾ ಅವಧಿಗೆ ಮೊದಲು ಹೆತ್ತ ತಾಯಂದಿರ ಹಾಲಿನಲ್ಲಿ ಇದು ಇನ್ನೂ ಹೆಚ್ಚಿರುತ್ತದೆ ಎಂದು ಸಂಶೋಧಕರು ಅಳೆದು ನೋಡಿದ್ದಾರೆ. ಅವಸರದಲ್ಲಿ ಹುಟ್ಟಿದ ಕೂಸಿನ ಕರುಳು ತೀರಾ ಎಳೆಯದು. ಉರಿಯೂತದಿಂದ ಕರುಳೇ ಕೊಳೆಯುವ ಕಾಯಿಲೆ ಅಂಥ ಕೂಸುಗಳನ್ನು ಕಾಡುತ್ತದೆ. ತಾಯಿಹಾಲು ಕುಡಿದವುಗಳಲ್ಲಿ ಅದು ಕಡಿಮೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಎಂಬ ಎದೆಹಾಲಿನ ಬ್ಯಾಂಕು ತೆರೆದದ್ದು ತಾಯಿಯ ಹಾಲು ಸಿಗದ ಇಂಥ ಕೂಸುಗಳಿಗಾಗಿಯೇ.

ಹಾಗಾದರೆ ಇ.ಜಿ.ಎಫ್. ಮಾತ್ರೆ ಮಾಡಿ ಎಲ್ಲರೂ ನುಂಗಬಹುದಲ್ಲ ಎನ್ನುತ್ತೀರಾ? ಬೇಡ. ಬೆಳೆ ಎಂಬ ಅಪ್ಪಣೆ ನಿಲ್ಲದೇ ಹೋದರೆ ಕೋಶಗಳು ಹದ್ದು ಮೀರುತ್ತವೆ. ಕೆಲವು ಕ್ಯಾನ್ಸರ್‌ಗಳಲ್ಲಿ ಆಗುವುದು ಅದೇ. ಆ ಬೀಗಕ್ಕೆ ಅಡ್ಡ ಹಾಕುವ ಔಷಧಗಳನ್ನೇ ವೈದ್ಯರು ಕೊಡುತ್ತಾರೆ. ಆಗ ಕೆಲವರಿಗೆ ಭೇದಿಯಾಗುತ್ತದೆ, ಮೈಮೇಲೆ ಗುಳ್ಳೆ ಏಳುತ್ತವೆ. ಕರುಳಿಗೂ ಚರ್ಮಕ್ಕೂ ಈ ಸಂದೇಶ ಎಷ್ಟು ಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ದೇಹ ತಾನೇ ಅಳೆದು ಕೊಡುವಷ್ಟು ಸಾಕು.

ನಾವು ಮಾಡಬೇಕಾದದ್ದು ಬೇರೆಯೇ ಇದೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಬಹಳ ಮಂದಿ ವಾಂತಿಭೇದಿಯಿಂದ ಮಲಗಿದರು, ಕೆಲವರು ತೀರಿಕೊಂಡರು. ಭೇದಿಯಾದಾಗ ರೋಗಾಣುಗಳು ಕರುಳಿನ ಪದರವನ್ನು ಕೆಡಿಸಬಹುದು. ಬುಡದ ಸಸಿಮಡಿ ಉಳಿದಿದ್ದರೆ ಕೆಲವೇ ದಿನಗಳಲ್ಲಿ ಹೊಸ ಪದರ ಏಳುತ್ತದೆ. ಅಲ್ಲಿಯವರೆಗೆ ಮಗುವಿನ ಮೈಯ ನೀರು ಆರಬಾರದು. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ ಆಗಾಗ ಕುಡಿಸಬೇಕು. ಆಶಾ ಅಥವಾ ವೈದ್ಯರು ಹೇಳಿದಂತೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು. ‘ಹೊಟ್ಟೆ ಕೆಟ್ಟಿದೆ, ಉಪವಾಸ ಇರಲಿ’ ಎಂದು ಹಾಲು ಬಿಡಿಸಬಾರದು, ಊಟ ನಿಲ್ಲಿಸಬಾರದು. ರಿಪೇರಿ ಮಾಡುವ ಕರುಳಿಗೂ ಕೂಳು ಬೇಕು. ಮಗುವಿನ ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಅಜ್ಜಿ ತಾತಂದಿರಲ್ಲಿ ಒಂದು ಮಾತು. ಮನೆಗೆ ಬರುವ ಹೊಸ ಕೂಸಿನ ಬಾಯಿಗೆ ಮೊದಲು ಏನು ಹಾಕಬೇಕೆಂದು ಎಲ್ಲರೂ ಕೇಳುವುದು ನಿಮ್ಮನ್ನೇ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಗೆ ಹಾಕಿಸಿ. ಆರು ತಿಂಗಳು ಎದೆಹಾಲೊಂದೇ ಸಾಕು. ಜೇನುತುಪ್ಪವೂ ಬೇಡ, ನೀರೂ ಬೇಡ. ಮಕ್ಕಳೇ, ನಿಮಗೂ ಒಂದು ಕೆಲಸ: ನಿಮ್ಮ ಓಣಿಯಲ್ಲಿ ಬಸುರಿ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಅವರ ಮನೆಗೆ ಹೋಗಿ, ಎಮ್ಮೆಯ ಗಿಣ್ಣಿನ ಲೆಕ್ಕ ಹೇಳಿ ಬನ್ನಿ.