ಅತ್ತದ್ದು ಕಂಡಿತು, ಯಾಕೆಂದು ಕಾಣಲಿಲ್ಲ

ಆಡಿಷನ್‌ಗೆಂದು ಮನೆಯಲ್ಲೇ ಮೊಬೈಲ್‌ನಲ್ಲಿ ತೆಗೆದ ದೃಶ್ಯವನ್ನು ಗೆಳೆಯರಿಗೆ ಕಳಿಸಿ ‘ಹೇಗಿದೆ ಹೇಳಿ’ ಎಂದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ‘ಸೂಪರ್ ಗುರೂ.’ ‘ಯಾಕೋ ಫೀಲ್ ಬರ್ಲಿಲ್ಲ.’ ನಟ ರಂಗಭೂಮಿಯವನಾದರೆ, ‘ಸ್ವಲ್ಪ ಸ್ಟೇಜ್ ಆಕ್ಟಿಂಗ್ ಆಯ್ತು.’ ಈ ಮೂರರಲ್ಲಿ ಯಾವುದನ್ನು ನಂಬಿಯೂ ಇನ್ನೊಂದು ಟೇಕ್ ಮಾಡಲಾಗದು. ಏನನ್ನು ಬದಲಿಸಬೇಕು ಎಂಬುದೇ ಅವುಗಳಲ್ಲಿ ಇಲ್ಲ.

2020ರ ಲಾಕ್‌ಡೌನ್ ನಂತರ ಸೆಲ್ಫ್ ಟೇಪ್ ಎಂಬುದು ಸಿನಿಮಾ, ಧಾರಾವಾಹಿ, ವೆಬ್ ಸರಣಿಗಳ ಮೊದಲ ಬಾಗಿಲಾಗಿಬಿಟ್ಟಿತು. ಆಡಿಷನ್ ಕೋಣೆಯಲ್ಲಾದರೆ ಎದುರಿಗೆ ಕೂತವರು ‘ಇನ್ನೊಂದ್ಸಲ, ಈ ಸಲ ಸಿಟ್ಟು ತೋರಿಸ್ಬೇಡಿ’ ಎಂದು ತಿದ್ದಿ ನೋಡುವ ಅವಕಾಶವಿತ್ತು. ಟೇಪ್‌ನಲ್ಲಿ ಆ ಮನುಷ್ಯ ಇಲ್ಲ. ಕಳಿಸುವ ಮುನ್ನ ನೋಡಿ ಮಾತಾಡುವ ಗೆಳೆಯನೇ ಆ ಜಾಗವನ್ನು ತುಂಬಬೇಕು. ಗಂಭೀರ ದೃಶ್ಯದಲ್ಲಿ ಈ ಕೆಲಸ ಇನ್ನೂ ಕಷ್ಟ. ಹಾಸ್ಯಕ್ಕೆ ನಗು ಬಂತೋ ಇಲ್ಲವೋ ಎಂಬ ಅಳತೆಯಾದರೂ ಇದೆ; ದುಃಖದ ದೃಶ್ಯ ನೋಡಿ ಸುಮ್ಮನೆ ಕೂತವನು ಕರಗಿದ್ದಾನೋ ಬೇಸತ್ತಿದ್ದಾನೋ ತಿಳಿಯುವುದಿಲ್ಲ.

ಆದ್ದರಿಂದಲೇ ಎಲ್ಲರೂ ಕಣ್ಣೀರನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ. ಬಂದರೆ ಪಾಸು, ಬಾರದಿದ್ದರೆ ಫೇಲು. ಸ್ಟೀವನ್ ಸ್ಪೀಲ್‌ಬರ್ಗ್‌ರ 1982ರ ‘ಇ.ಟಿ.’ ಚಿತ್ರಕ್ಕಾಗಿ ಬಾಲನಟ ಹೆನ್ರಿ ಥಾಮಸ್ ಕೊಟ್ಟ ಆಡಿಷನ್‌ನ ವಿಡಿಯೊ ಈಗಲೂ ನೋಡಲು ಸಿಗುತ್ತದೆ. ಅದು ಸೆಲ್ಫ್ ಟೇಪ್ ಅಲ್ಲ, ಕೋಣೆಯಲ್ಲಿ ನಡೆದದ್ದು. ಆದರೆ ನಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಇ.ಟಿ.ಯನ್ನು ಒಯ್ಯಲು ಬಂದ ಅಧಿಕಾರಿಯ ಜೊತೆ ಹುಡುಗ ಆಶುವಾಗಿ ಮಾತಾಡಬೇಕು. ಅವನು ಅಳುತ್ತಾನೆ, ನಿಜ. ಅದನ್ನು ಕಂಡ ಸ್ಪೀಲ್‌ಬರ್ಗ್ ಅಲ್ಲೇ ಅವನನ್ನು ಆರಿಸಿಕೊಂಡದ್ದೂ ನಿಜ. ಆದರೆ ಗಮನಿಸಿ ನೋಡಿದರೆ ಹುಡುಗ ಅಳಲು ಹೊರಟಿಲ್ಲ, ವಾದಕ್ಕೆ ನಿಂತಿದ್ದಾನೆ. ಬಿಟ್ಟುಕೊಡಲಾರೆ ಎನ್ನುತ್ತಿದ್ದಾನೆ. ಅಳು ಆ ಹಟದ ನಡುವೆ, ಅವನಿಗೆ ಬೇಡವಾಗಿಯೇ ಬರುತ್ತದೆ.

ನಾಟ್ಯಶಾಸ್ತ್ರ ಇದನ್ನು ಬೇರೆ ದಾರಿಯಿಂದ ಹೇಳಿತ್ತು. ಕಣ್ಣೀರು, ಅಂದರೆ ಅಶ್ರು, ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದು. ರಸ ಹುಟ್ಟಬೇಕಾದರೆ ಅದೊಂದೇ ಸಾಲದು, ಅದಕ್ಕೆ ಕಾರಣವಾದ ವಿಭಾವವೂ ಬೇಕು. ‘ಫೀಲ್ ಬರ್ಲಿಲ್ಲ’ ಎನಿಸುವ ಬಹುಪಾಲು ಟೇಪ್‌ಗಳಲ್ಲಿ ಕೊರತೆಯಿರುವುದು ಅಳುವಿನದಲ್ಲ, ಕಾರಣದ್ದು ಎಂದು ನನಗನಿಸುತ್ತದೆ.

ಹಾಗಾದರೆ ಹೇಳುವುದು ಹೇಗೆ? ಒಂದು ದೃಶ್ಯವಿದೆ ಎಂದಿಟ್ಟುಕೊಳ್ಳಿ: ಅಪ್ಪನ ಮನೆ ಮಾರಬೇಡ ಎಂದು ತಂಗಿ ಅಣ್ಣನನ್ನು ಕೇಳಿಕೊಳ್ಳುತ್ತಿದ್ದಾಳೆ. ‘ಎಮೋಷನ್ ಕಮ್ಮಿ ಆಯ್ತು ಕಣೇ’ ಎಂದರೆ ನಟಿ ಮುಂದಿನ ಟೇಕ್‌ನಲ್ಲಿ ದನಿ ಏರಿಸುತ್ತಾಳೆ, ಅಷ್ಟೇ. ಅದರ ಬದಲು, ‘ಮೊದಲ ಅರ್ಧ ನಿಮಿಷ ನೀನು ಅಣ್ಣನನ್ನು ಒಲಿಸ್ತಾ ಇದ್ದೆ, ನಂಗೆ ಆತಂಕ ಆಯ್ತು. ಅಪ್ಪನ ಹೆಸರು ಬಂದಮೇಲೆ ಅವನ ಕಡೆ ನೋಡೋದೇ ಬಿಟ್ಟೆ, ಅಲ್ಲಿಂದ ನಾನೂ ಹೊರಗೆ ಬಂದೆ’ ಎನ್ನಬಹುದು. ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಎಲ್ಲಿ, ಏನು ಕಂಡಿತು, ನೋಡಿದವನಿಗೆ ಏನಾಯಿತು ಎಂಬ ವರದಿಯಿದೆ. ನಟಿಗೆ ಬೇಕಿರುವುದು ಅದೇ, ಏಕೆಂದರೆ ಒಳಗಿನಿಂದ ಅವಳಿಗೆ ಕಾಣದೇ ಇರುವುದೂ ಅದೇ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಲು ತೊಡಗಿದ ವಿಮರ್ಶಾ ಕ್ರಮವೊಂದಿದೆ. ಅದರಲ್ಲಿ ನಾಲ್ಕು ಹಂತ: ಕೃತಿಯಲ್ಲಿ ತಮಗೆ ನಾಟಿದ್ದೇನು ಎಂದು ನೋಡಿದವರು ಹೇಳುವುದು, ಕಲಾವಿದರು ಪ್ರಶ್ನೆ ಕೇಳುವುದು, ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುವುದು, ಕಡೆಗೆ ಅನುಮತಿ ಪಡೆದು ಅಭಿಪ್ರಾಯ ಹೇಳುವುದು. ಟೇಪ್ ಕಳಿಸಲು ಎರಡು ಗಂಟೆ ಉಳಿದಿರುವಾಗ ಇಷ್ಟೆಲ್ಲ ನಡೆಯದು. ಆದರೆ ಮೂರನೆಯ ಹಂತವನ್ನು ಮಾತ್ರ ಬಿಡಬಾರದು. ‘ಅಷ್ಟು ಬೇಗ ಯಾಕೆ ಅತ್ತೆ?’ ಎಂಬುದು ಪ್ರಶ್ನೆಯ ವೇಷ ಹಾಕಿದ ಆಕ್ಷೇಪಣೆ. ‘ಅಣ್ಣ ಒಪ್ಪಲ್ಲ ಅಂತ ಅವಳಿಗೆ ಯಾವಾಗ ಗೊತ್ತಾಗುತ್ತೆ?’ ಎಂದು ಕೇಳಿದರೆ ನಟಿ ಸ್ಕ್ರಿಪ್ಟ್‌ಗೆ ಮರಳುತ್ತಾಳೆ. ಉತ್ತರ ಹುಡುಕುವಾಗಲೇ ಮುಂದಿನ ಟೇಕ್ ಅರ್ಧ ಸಿದ್ಧವಾಗಿರುತ್ತದೆ. ಇನ್ನು, ಸಾಲನ್ನು ತಾನೇ ಆಡಿ ತೋರಿಸಿ ‘ಹೀಗೆ ಹೇಳು’ ಎನ್ನುವವರಿದ್ದಾರೆ. ನಟಿ ಆಗ ಕಲಿಯುವುದು ಅವರ ರಾಗವನ್ನು.

ಬೆಳಕು, ಹಿನ್ನೆಲೆ, ಕ್ಯೂ ಕೊಡುವವರ ದನಿ ನಟಿಯ ದನಿಗಿಂತ ಜೋರಾಗಿರುವುದು, ನೋಟ ಲೆನ್ಸ್‌ನಿಂದ ತೀರ ಪಕ್ಕಕ್ಕೆ ಸರಿದು ಒಂದೇ ಕಣ್ಣು ಕಾಣುವುದು, ಇವನ್ನೆಲ್ಲ ಒಂದೇ ಉಸಿರಿಗೆ, ಅಭಿನಯದ ಮಾತಿಗೆ ಮೊದಲೇ ಹೇಳಿ ಮುಗಿಸಬೇಕು.

ಕೇಳಿಸಿಕೊಳ್ಳುವವರ ಕೆಲಸವೂ ಕಡಿಮೆಯದ್ದಲ್ಲ. ಕಥೆಯ ಗಂಧಗಾಳಿ ಇಲ್ಲದವರಿಗೆ ಮೊದಲು ತೋರಿಸಿ. ಅಂಥ ನೋಟ ಒಬ್ಬರಿಂದ ಒಂದೇ ಸಲ ಸಿಗುತ್ತದೆ. ಎರಡನೆಯ ಸಲಕ್ಕೆ ಅವರಿಗೂ ಕಥೆ ಗೊತ್ತು. ‘ಚೆನ್ನಾಗಿದೆಯಾ’ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ಇವಳಿಗೆ ಏನು ಬೇಕಾಗಿದೆ? ಎದುರಿಗಿರುವವರು ಇವಳಿಗೆ ಏನಾಗಬೇಕು?’ ಎಂದು ಕೇಳಿ ನೋಡಿ. ಅವರು ತಡವರಿಸಿದರೆ ಅದೇ ವಿಮರ್ಶೆ. ಆಗ ‘ಅಲ್ಲಾ, ನಾನು ಅಂದ್ಕೊಂಡಿದ್ದು ಏನಂದ್ರೆ...’ ಎಂದು ವಿವರಿಸಲು ಹೋಗಬಾರದು, ಟೇಪ್‌ನ ಜೊತೆ ಆ ವಿವರಣೆ ಹೋಗುವುದಿಲ್ಲವಲ್ಲ. ನೋಡುಗರು ರೋಗ ಎಲ್ಲಿದೆ ಎಂದು ತೋರಿಸುವುದರಲ್ಲಿ ಗಟ್ಟಿಗರು, ಮದ್ದು ಹೇಳುವುದರಲ್ಲಿ ಅಷ್ಟಲ್ಲ. ಕೊನೆಯ ಭಾಗ ಎಳೆದಂತಾಯಿತು ಎಂದು ಇಬ್ಬರು ಹೇಳಿದರೆ ವೇಗ ಹೆಚ್ಚಿಸುವ ಮೊದಲು ಶುರುವಿನಲ್ಲಿ ತಂಗಿಯ ಗುರಿ ಸ್ಪಷ್ಟವಾಗಿದೆಯೇ ಎಂದು ನೋಡಿ.

ತಿದ್ದಿಕೊಳ್ಳಲು ಹೊತ್ತಾದರೂ ಬೇಕಲ್ಲ? 2023ರ ಮುಷ್ಕರದ ಬಳಿಕ ಅಮೆರಿಕದ ನಟರ ಸಂಘ ಈ ಹೊತ್ತನ್ನೇ ಒಪ್ಪಂದದಲ್ಲಿ ಬರೆಸಿಕೊಂಡಿತು: ರಜಾದಿನಗಳನ್ನು ಬಿಟ್ಟು ಕನಿಷ್ಠ 48 ಗಂಟೆ, ಮೊದಲ ಸುತ್ತಿಗೆ ಹೆಚ್ಚೆಂದರೆ 8 ಪುಟ. ‘ಇವತ್ತು ರಾತ್ರಿಯೊಳಗೆ ಕಳ್ಸಿ’ ಎಂಬ ವಾಟ್ಸ್ಆ್ಯಪ್ ಸಂದೇಶಕ್ಕೆ ಓಡುವ ನಮ್ಮ ಹುಡುಗರಿಗೆ ಇದು ಐಷಾರಾಮವೆನಿಸೀತು. ಹೊತ್ತು ಕಡಿಮೆಯಿದ್ದಾಗ ಒಂದೇ ಮಾತು ಹೇಳುವುದು ಲೇಸು. ಉಸಿರು, ಉಚ್ಚಾರಣೆ, ಧಾರವಾಡದ ಮಾತಿನ ಧಾಟಿ ಇವೆಲ್ಲ ತಿಂಗಳುಗಟ್ಟಲೆಯ ಸಾಧನೆಯ ವಿಷಯ. ಆ ರಾತ್ರಿ ಎತ್ತಿದರೆ ನಟಿ ಕುಗ್ಗುತ್ತಾಳೆಯೇ ಹೊರತು ಟೇಪ್ ಸುಧಾರಿಸುವುದಿಲ್ಲ. ಕಳಿಸಿದ ಮೇಲೆ ಉತ್ತರ ಬಾರದಿದ್ದರೆ ಆ ಮೌನವನ್ನು ವಿಮರ್ಶೆಯೆಂದು ಓದಿಕೊಳ್ಳುವುದೂ ಬೇಡ. ಅಣ್ಣನ ಪಾತ್ರಕ್ಕೆ ಆಗಲೇ ಆಯ್ಕೆಯಾದವನಿಗಿಂತ ತಂಗಿ ದೊಡ್ಡವಳಂತೆ ಕಂಡಳು ಎಂಬಷ್ಟೇ ಕಾರಣವಿರಬಹುದು. ಟೇಪನ್ನು ಎಷ್ಟು ಸಲ ಹಿಂದೆಮುಂದೆ ಓಡಿಸಿ ನೋಡಿದರೂ ಅದು ಸಿಗದು.