ಪೆನ್ಸಿಲ್ ಹಿಡಿದವರು ಕಂಡ ಆಟ

2017ರ ನವೆಂಬರ್ 22ರ ರಾತ್ರಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡ ಡೆನ್ವರ್ ನಗೆಟ್ಸ್ ತಂಡವನ್ನು 125–95ರಿಂದ ಸೋಲಿಸಿತು. ರಾಕೆಟ್ಸ್ ಪರ ಆಡಿದ ಕ್ಯಾಮರೂನ್ ದೇಶದ ಲುಕ್ ಎಂಬಾ ಆ ಮೂಟೆ ಗಳಿಸಿದ್ದು ಬರೀ 13 ಅಂಕ. ತಲೆಬರಹಕ್ಕೆ ಏರುವಂಥ ಸಂಖ್ಯೆಯಲ್ಲ. ಆದರೆ ಪಂದ್ಯದ ಅಂಕಿಅಂಶಗಳ ಪಟ್ಟಿಯಲ್ಲಿ ಅವರ ಹೆಸರಿನ ಸಾಲಿನ ಕೊನೆಯಲ್ಲಿ +57 ಎಂದಿತ್ತು. ಅವರು ಅಂಕಣದಲ್ಲಿದ್ದ 26 ನಿಮಿಷಗಳಲ್ಲಿ ರಾಕೆಟ್ಸ್ ತಂಡ ಎದುರಾಳಿಗಿಂತ 57 ಅಂಕ ಹೆಚ್ಚು ಗಳಿಸಿತ್ತು. ಗೆಲುವಿನ ಅಂತರವೇ 30. ಹಾಗಾದರೆ ಅವರು ಬೆಂಚಿನ ಮೇಲೆ ಕೂತಿದ್ದ ಉಳಿದ 22 ನಿಮಿಷಗಳಲ್ಲಿ ಅದೇ ತಂಡ 27 ಅಂಕಗಳಷ್ಟು ಹಿಂದೆ ಬಿದ್ದಿತ್ತು! ಈ ಲೆಕ್ಕ ಇಡಲು ಶುರುವಾದ ಮೇಲೆ ಅಂಥ ಅಂಕಿಯನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಆ ರಾತ್ರಿ ಎಂಬಾ ಆ ಮೂಟೆ ಜಗತ್ತಿನ ಅತ್ಯುತ್ತಮ ಆಟಗಾರರಾಗಿಬಿಟ್ಟರೇ? ಹಾಗೆಂದು ಅವರ ತಂಡದವರೂ ಹೇಳಲಿಲ್ಲ. ಹಾಗಂತ ಆ ಅಂಕಿ ಸುಳ್ಳೂ ಅಲ್ಲ. ಪಂದ್ಯ ಮುಗಿದ ಮೇಲೆ ‘ಯಾರು ಚೆನ್ನಾಗಿ ಆಡಿದರು’ ಎಂಬ ಪ್ರಶ್ನೆಗೆ ಬ್ಯಾಸ್ಕೆಟ್‌ಬಾಲ್ ಕೊಡುತ್ತ ಬಂದಿರುವ ಉತ್ತರಗಳೆಲ್ಲ ಹೀಗೇ, ಅರ್ಧ ನಿಜ. ಉಳಿದರ್ಧವನ್ನು ಹಿಡಿಯಲು ಪ್ರತಿ ಪೀಳಿಗೆಯೂ ಇನ್ನೊಂದು ಕಾಲಂ ಸೇರಿಸಿದೆ.

ಈ ವಂಶಾವಳಿಯ ಬುಡದಲ್ಲಿರುವುದು ಕ್ರಿಕೆಟ್. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿದ ಹೆನ್ರಿ ಚಾಡ್ವಿಕ್ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಅವರು ಬೇಸ್‌ಬಾಲ್‌ನತ್ತ ಹೊರಳಿದಾಗ, ಕ್ರಿಕೆಟ್ ಸ್ಕೋರ್‌ಕಾರ್ಡಿನ ಅಭ್ಯಾಸವನ್ನು ಜೊತೆಗೇ ಒಯ್ದರು. ಆಟಗಾರನಿಗೊಂದು ಸಾಲು, ಸಾಲಿಗೆ ನಾಲ್ಕಾರು ಅಂಕಿ. 1859ರ ಸುಮಾರಿಗೆ ರೂಪುಗೊಂಡ ಆ ಪಟ್ಟಿಯೇ ‘ಬಾಕ್ಸ್ ಸ್ಕೋರ್’. ಅಮೆರಿಕದ ಆಟಗಳೆಲ್ಲ ಆಮೇಲೆ ಅದನ್ನು ಎರವಲು ಪಡೆದವು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದಾಗ ಅದರ ಅಗತ್ಯವೇ ಇರಲಿಲ್ಲ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹದಿನೆಂಟು ವಿದ್ಯಾರ್ಥಿಗಳನ್ನು ಎರಡು ಪಾಲು ಮಾಡಿ, ಪೀಚ್ ಹಣ್ಣಿನ ಬುಟ್ಟಿ ತೂಗುಹಾಕಿ ಆಡಿಸಿದ ಮೊದಲ ಆಟದ ಫಲಿತಾಂಶ 1–0. ಆ ಒಂದು ಗೋಲು ವಿಲಿಯಂ ಚೇಸ್ ಅವರದು. ಮೌಲ್ಯಮಾಪನ ಅಷ್ಟು ಸಲೀಸಾಗಿದ್ದುದು ಅದೇ ಕೊನೆ: ಒಬ್ಬ ಹಾಕಿದ, ಹದಿನೇಳು ಮಂದಿ ಹಾಕಲಿಲ್ಲ.

1946ರಲ್ಲಿ, ಮುಂದೆ ಎನ್‌ಬಿಎ ಆಗಲಿದ್ದ ವೃತ್ತಿಪರ ಲೀಗ್ ಶುರುವಾದಾಗ ಪಟ್ಟಿಯಲ್ಲಿದ್ದದ್ದು ಎಸೆದ ಶಾಟ್, ಬಿದ್ದ ಶಾಟ್, ಫ್ರೀ ಥ್ರೋ, ಅಸಿಸ್ಟ್ (ಸಹ ಆಟಗಾರ ಅಂಕ ಗಳಿಸುವಂತೆ ಕೊಟ್ಟ ಪಾಸು) ಮತ್ತು ಫೌಲ್. ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದದ್ದು) ಬಂದದ್ದು 1950–51ರ ಋತುವಿನಲ್ಲಿ, ಯಾರು ಎಷ್ಟು ನಿಮಿಷ ಆಡಿದರು ಎಂಬುದು ಅದರ ಮರುವರ್ಷ. ನಾಲ್ಕು ಅಂಕ ಗಳಿಸಿದವನು ನಲವತ್ತು ನಿಮಿಷ ಆಡಿದನೋ ನಾಲ್ಕೇ ನಿಮಿಷವೋ ಎಂಬುದು ಮೊದಲ ಐದು ವರ್ಷಗಳ ದಾಖಲೆಯಲ್ಲಿಲ್ಲ.

ಈ ಪಟ್ಟಿಯ ಚರಿತ್ರೆಯಲ್ಲಿ ಒಬ್ಬರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹಾರ್ವಿ ಪೊಲಾಕ್ 1946ರ ಮೊದಲ ಋತುವಿನಲ್ಲೇ ಫಿಲಡೆಲ್ಫಿಯಾ ವಾರಿಯರ್ಸ್‌ನ ಲೆಕ್ಕದ ಮೇಜಿಗೆ ಬಂದವರು, 2015ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಲೀಗಿನ ಕೆಲಸ ಬಿಡಲಿಲ್ಲ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಪಟ್ಟಣದಲ್ಲಿ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದಾಗ ಅಲ್ಲಿ ಟಿವಿ ಕ್ಯಾಮೆರಾ ಇರಲಿಲ್ಲ. ಪಂದ್ಯದ ಅಂಕಿಅಂಶ ಬರೆಯುತ್ತ, ಜೊತೆಗೇ ಒಂದು ಪತ್ರಿಕೆಗೂ ಎರಡು ಸುದ್ದಿಸಂಸ್ಥೆಗಳಿಗೂ ವರದಿ ಕೊಡುತ್ತಿದ್ದವರು ಪೊಲಾಕ್. ಚೇಂಬರ್ಲಿನ್ ಕೈಯಲ್ಲಿ ‘100’ ಎಂದು ಬರೆದ ಕಾಗದ ಹಿಡಿದು ನಿಂತ ಪ್ರಸಿದ್ಧ ಚಿತ್ರದಲ್ಲಿರುವ ಕೈಬರಹವೂ ಅವರದೇ.

ಆ ದಿನದ ಪಟ್ಟಿ ಇಂದಿಗೂ ಓದಲು ಮಜವಾಗಿದೆ. 63 ಶಾಟ್‌ಗಳಲ್ಲಿ 36, ಫ್ರೀ ಥ್ರೋ 32ರಲ್ಲಿ 28, ಜೊತೆಗೆ 25 ರಿಬೌಂಡ್. ವೃತ್ತಿಜೀವನದುದ್ದಕ್ಕೂ ಫ್ರೀ ಥ್ರೋಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ತಪ್ಪಿಸುತ್ತಿದ್ದ ಮನುಷ್ಯ ಆ ರಾತ್ರಿ ತಪ್ಪಿಸಿದ್ದು ನಾಲ್ಕೇ. ಅದೇ ಪಟ್ಟಿಯಲ್ಲಿ ಸಹ ಆಟಗಾರ ಗೈ ರಾಜರ್ಸ್ ಹೆಸರಿನ ಮುಂದೆ 20 ಅಸಿಸ್ಟ್‌ಗಳಿವೆ. ಅದನ್ನು ನೆನಪಿಟ್ಟವರು ಕಡಿಮೆ. ಕೊನೆಯ ನಿಮಿಷಗಳಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡ ಚೆಂಡು ಚೇಂಬರ್ಲಿನ್ ಕೈಗೆ ಹೋಗದಿರಲೆಂದು ಉಳಿದವರಿಗೆಲ್ಲ ಫೌಲ್ ಮಾಡತೊಡಗಿತು. ವಾರಿಯರ್ಸ್ ಕೂಡ ಚೆಂಡು ಬೇಗ ವಾಪಸ್ ಸಿಗಲೆಂದು ತಿರುಗಿ ಫೌಲ್ ಮಾಡಿತು. ಆಟ ಆಟವಾಗಿ ಉಳಿಯಲಿಲ್ಲ, ಒಂದು ಕಾಲಂ ತುಂಬಿಸುವ ಯತ್ನವಾಯಿತು.

ಅಂಕ ಗಳಿಸಿದವನಿಗೆ ಪಟ್ಟಿಯಲ್ಲಿ ಜಾಗವಿತ್ತು, ತಡೆದವನಿಗೆ ಇರಲಿಲ್ಲ. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ 13 ಋತುಗಳಲ್ಲಿ 11 ಬಾರಿ ಪ್ರಶಸ್ತಿ ಗೆದ್ದದ್ದು ಮುಖ್ಯವಾಗಿ ಎದುರಾಳಿಯ ಶಾಟ್‌ಗಳನ್ನು ಗಾಳಿಯಲ್ಲೇ ತಡೆದು. ಅವರ ಹೆಸರಿನಲ್ಲಿ ಅಧಿಕೃತವಾಗಿ ಒಂದು ಬ್ಲಾಕ್ ಕೂಡ ಇಲ್ಲ. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು) ಲೆಕ್ಕ ಹಿಡಿಯತೊಡಗಿದ್ದು 1973–74ರಲ್ಲಿ. ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು, ಚೇಂಬರ್ಲಿನ್ ಆ ಹಿಂದಿನ ಋತುವಿಗೆ ಆಟ ಮುಗಿಸಿದ್ದರು. ಹೊಸ ಕಾಲಂ ಬಂದ ತಿಂಗಳಲ್ಲೇ, 1973ರ ಅಕ್ಟೋಬರ್ 28ರಂದು, ಲೇಕರ್ಸ್‌ನ ಎಲ್ಮೋರ್ ಸ್ಮಿತ್ 17 ಬ್ಲಾಕ್ ಮಾಡಿದರು. ಆ ದಾಖಲೆ ಇನ್ನೂ ಮುರಿದಿಲ್ಲ. ದಾಖಲೆ ಪುಸ್ತಕ ಸ್ಮಿತ್ ಹೆಸರು ಹೇಳುತ್ತದೆ, ಹಳಬರು ನಗುತ್ತಾರೆ. ಚೆಂಡು ಕಳೆದುಕೊಂಡ ಲೆಕ್ಕ, ಅಂದರೆ ಟರ್ನೋವರ್, ಇನ್ನೂ ತಡವಾಗಿ 1977–78ರಲ್ಲಿ ಬಂತು. ಹಾಗಾಗಿ ಆಸ್ಕರ್ ರಾಬರ್ಟ್‌ಸನ್ 1961–62ರ ಇಡೀ ಋತುವಿನಲ್ಲಿ ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಹತ್ತು ಮೀರಿದ ಸರಾಸರಿ ಕಾಯ್ದುಕೊಂಡದ್ದು ಗೊತ್ತು, ಎಷ್ಟು ಸಲ ಚೆಂಡು ಬಿಟ್ಟುಕೊಟ್ಟರು ಎಂಬುದು ಗೊತ್ತಿಲ್ಲ.

ಒಂದೇ ಪಂದ್ಯದಲ್ಲಿ ಮೂರು ಕಾಲಂಗಳು ಎರಡಂಕಿ ಮುಟ್ಟಿದರೆ ‘ಟ್ರಿಪಲ್ ಡಬಲ್’. 1980ರ ದಶಕದಲ್ಲಿ ಮ್ಯಾಜಿಕ್ ಜಾನ್ಸನ್ ಅವರಿಂದಾಗಿ ಆ ಮಾತು ಮನೆಮಾತಾಯಿತು. ಹೆಸರು ಬಿದ್ದ ಕೂಡಲೇ ಆಸೆಯೂ ಹುಟ್ಟಿತು. 2003ರ ಮಾರ್ಚ್ 16ರಂದು ಯೂಟಾ ಜಾಝ್ ವಿರುದ್ಧ ಕ್ಲೀವ್‌ಲ್ಯಾಂಡ್‌ನ ರಿಕಿ ಡೇವಿಸ್‌ಗೆ ಟ್ರಿಪಲ್ ಡಬಲ್ ಆಗಲು ಒಂದೇ ಒಂದು ರಿಬೌಂಡ್ ಬಾಕಿ. ಪಂದ್ಯ ಆಗಲೇ ಗೆದ್ದಾಗಿತ್ತು, ಉಳಿದದ್ದು ಕೆಲವೇ ಸೆಕೆಂಡು. ಡೇವಿಸ್ ತಮ್ಮ ತಂಡವೇ ಕಾಯಬೇಕಾದ ಬುಟ್ಟಿಯತ್ತ ತಿರುಗಿ ಬೇಕೆಂದೇ ಗುರಿ ತಪ್ಪಿ ಎಸೆದು, ತಾವೇ ಹಿಡಿದರು! ಸಿಟ್ಟೆದ್ದ ಜಾಝ್‌ನ ಡಿಶಾನ್ ಸ್ಟೀವನ್‌ಸನ್ ಅವರನ್ನು ಜಗ್ಗಿ ಫೌಲ್ ಮಾಡಿದರು. ನಿಯಮದ ಪ್ರಕಾರ ಅಂಥ ಎಸೆತ ಶಾಟ್ ಅಲ್ಲ, ಆದ್ದರಿಂದ ರಿಬೌಂಡೂ ಸಿಗಲಿಲ್ಲ. ಸ್ವಂತ ತಂಡದಿಂದ ದಂಡ ಬಿತ್ತು.

ಡೇವಿಸ್ ಸಿಕ್ಕಿಬಿದ್ದದ್ದು ಎಲ್ಲರ ಕಣ್ಣೆದುರು. ಮೇಜಿನ ಆಚೆ ಬದಿಯಲ್ಲಿ ನಡೆಯುವುದು ಅಷ್ಟು ಸುಲಭವಾಗಿ ಕಾಣದು. ಬುಟ್ಟಿಗೆ ಚೆಂಡು ಬಿದ್ದದ್ದು ಬಿದ್ದದ್ದೇ, ಆದರೆ ಯಾವ ಪಾಸು ‘ಅಸಿಸ್ಟ್’ ಎನಿಸಿಕೊಳ್ಳಬೇಕು ಎಂಬುದು ಲೆಕ್ಕ ಬರೆಯುವವರ ಅಭಿಪ್ರಾಯ. ಆ ಸಿಬ್ಬಂದಿಯನ್ನು ನೇಮಿಸುವುದು ಆತಿಥೇಯ ತಂಡ. 1997ರಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಪಂದ್ಯವೊಂದರಲ್ಲಿ ಲೇಕರ್ಸ್‌ನ ನಿಕ್ ವ್ಯಾನ್ ಎಕ್ಸೆಲ್‌ಗೆ 23 ಅಸಿಸ್ಟ್ ಸಿಕ್ಕವು. ಅಂದು ಲೆಕ್ಕ ಹಿಡಿದಿದ್ದವರೊಬ್ಬರು ವರ್ಷಗಳ ನಂತರ, ವ್ಯಾನ್ ಎಕ್ಸೆಲ್ ಹತ್ತಿರದಲ್ಲಿ ಸುಳಿದರೆ ಸಾಕು, ಒಂದು ಅಸಿಸ್ಟ್ ಹಾಕಿಬಿಡುತ್ತಿದ್ದೆ ಎಂಬರ್ಥದಲ್ಲಿ ಒಪ್ಪಿಕೊಂಡರು.

ಹತ್ತು ಕಾಲಂಗಳಾದ ಮೇಲೆ ಹತ್ತನ್ನೂ ಕೂಡಿ ಒಂದೇ ಅಂಕಿ ಮಾಡುವ ಹಂಬಲ ಸಹಜ. 1980ರ ದಶಕದಲ್ಲಿ ಮಾರ್ಟಿನ್ ಮ್ಯಾನ್ಲಿ ಜನಪ್ರಿಯಗೊಳಿಸಿದ ‘ಎಫಿಶಿಯೆನ್ಸಿ’ ಸೂತ್ರ ಬಲು ಸರಳ: ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಎಲ್ಲ ಕೂಡಿಸಿ, ತಪ್ಪಿದ ಶಾಟ್, ತಪ್ಪಿದ ಫ್ರೀ ಥ್ರೋ, ಟರ್ನೋವರ್ ಕಳೆಯಿರಿ. ಸ್ಪೇನಿನ ಲೀಗ್ ಮತ್ತು ಅದರ ದಾರಿ ಹಿಡಿದ ಯೂರೋಲೀಗ್ ಇನ್ನೊಂದು ಹೆಜ್ಜೆ ಹೋಗಿ, ಎದುರಾಳಿಯಿಂದ ಫೌಲ್ ಗಿಟ್ಟಿಸಿದ್ದನ್ನು ಕೂಡಿಸಿ, ತಾನು ಮಾಡಿದ ಫೌಲನ್ನು ಕಳೆದವು. ಯೂರೋಪಿನ ಪತ್ರಿಕೆಗಳಲ್ಲಿ ಪಂದ್ಯದ ಮರುದಿನ ಆಟಗಾರರ ಹೆಸರಿನ ಪಕ್ಕ ಕಾಣುವುದು ಈ ಅಂಕಿಯೇ. ಇಲ್ಲಿ ಒಂದು ರಿಬೌಂಡ್‌ಗೂ ಒಂದು ಅಸಿಸ್ಟ್‌ಗೂ ಒಂದೇ ಬೆಲೆ, ತೂಕವಿಲ್ಲದ ತಕ್ಕಡಿ. ಅಮೆರಿಕದ ಜಾನ್ ಹಾಲಿಂಜರ್ ತೂಕದ ಕಲ್ಲು ಇಟ್ಟರು. ಅವರ ‘ಗೇಮ್ ಸ್ಕೋರ್’ನಲ್ಲಿ ಎದುರಾಳಿಯ ಬುಟ್ಟಿಯಡಿ ಕಸಿದ ರಿಬೌಂಡ್‌ಗೆ 0.7, ತಮ್ಮ ಬುಟ್ಟಿಯಡಿ ಸಿಕ್ಕ ರಿಬೌಂಡ್‌ಗೆ 0.3. ಎಸೆದ ಪ್ರತಿ ಶಾಟ್‌ಗೂ 0.7 ಕಡಿತ. ಅವರನ್ನು 2012ರಲ್ಲಿ ಮೆಂಫಿಸ್ ಗ್ರಿಜ್ಲೀಸ್ ತಂಡ ಉಪಾಧ್ಯಕ್ಷರನ್ನಾಗಿ ಕರೆದುಕೊಂಡಿತು.

ಆದರೂ ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಸೂತ್ರ ಕೂಡೀತು? 2017ರ ಫೆಬ್ರುವರಿಯಲ್ಲಿ ಎರಡು ವಾರಗಳ ಅಂತರದಲ್ಲಿ ಎರಡು ವಿಚಿತ್ರ ಸಾಲುಗಳು ಅಚ್ಚಾದವು. ಗೋಲ್ಡನ್ ಸ್ಟೇಟ್‌ನ ಡ್ರೇಮಂಡ್ ಗ್ರೀನ್ ಮೆಂಫಿಸ್ ವಿರುದ್ಧ ನಾಲ್ಕೇ ಅಂಕ ಗಳಿಸಿ, 12 ರಿಬೌಂಡ್, 10 ಅಸಿಸ್ಟ್, 10 ಸ್ಟೀಲ್‌ಗಳೊಂದಿಗೆ ಟ್ರಿಪಲ್ ಡಬಲ್ ಸಾಧಿಸಿದರು. ಎರಡಂಕಿ ಅಂಕಗಳಿಲ್ಲದೆ ಆ ಸಾಧನೆ ಮಾಡಿದವರಲ್ಲಿ ಅವರೇ ಮೊದಲಿಗರು. ಇನ್ನೊಂದು ಕಡೆ ಮಿಲ್ವಾಕಿಯ ಟೋನಿ ಸ್ನೆಲ್ 28 ನಿಮಿಷ ಆಡಿದರು: ಅಂಕ ಸೊನ್ನೆ, ರಿಬೌಂಡ್ ಸೊನ್ನೆ, ಅಸಿಸ್ಟ್ ಸೊನ್ನೆ, ಸ್ಟೀಲ್ ಸೊನ್ನೆ, ಬ್ಲಾಕ್ ಸೊನ್ನೆ. ಅಂತರ್ಜಾಲ ಅವರನ್ನು ಬಹಳ ದಿನ ಆಡಿಕೊಂಡಿತು. ಕೋಚ್ ಮಾತ್ರ ಅಷ್ಟು ಹೊತ್ತು ಹೊರಗೆ ಕರೆಯಲಿಲ್ಲ ಎಂಬುದನ್ನೂ ಗಮನಿಸಬೇಕು.

ಎಂಬಾ ಆ ಮೂಟೆ ಅವರ +57ರಂಥ ಅಂಕಿ ಕೊಡುವ ‘ಪ್ಲಸ್-ಮೈನಸ್’ ಈ ಕೊರತೆಗೆ ಸಿಕ್ಕ ಉತ್ತರ. ಅದು ಐಸ್ ಹಾಕಿಯಿಂದ ಬಂದದ್ದು. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ 1950ರ ದಶಕದಲ್ಲೇ, ಆಟಗಾರ ಮಂಜಿನ ಮೇಲಿದ್ದಾಗ ತಂಡ ಹೊಡೆದ ಗೋಲೆಷ್ಟು, ಬಿಟ್ಟುಕೊಟ್ಟದ್ದೆಷ್ಟು ಎಂದು ಬರೆದಿಡುತ್ತಿತ್ತು. ಎನ್‌ಬಿಎಯಲ್ಲಿ ಪ್ರತಿ ಕ್ಷಣದ ಕಂಪ್ಯೂಟರ್ ದಾಖಲೆ ಸಿಗತೊಡಗಿದ 1996–97ರ ನಂತರ ಇದೂ ಸಾಧ್ಯವಾಯಿತು. ಕ್ರಮೇಣ ಬಾಕ್ಸ್ ಸ್ಕೋರಿನ ಕೊನೆಯ ಕಾಲಂ ಆಯಿತು. ಇದರ ದೋಷವೂ ಎದ್ದು ಕಾಣುವಂಥದ್ದೇ: ಸ್ಟೀಫನ್ ಕರಿಯಂಥ ತಾರೆಯ ಜೊತೆ ಆಡಿದವನ ಅಂಕಿಯೆಲ್ಲ ಪ್ಲಸ್, ಸೋಲುವ ತಂಡದ ಶ್ರಮಜೀವಿಗೆ ಬರೀ ಮೈನಸ್.

ಆ ಋಣಾನುಬಂಧವನ್ನು ಬಿಡಿಸಲು ಕೂತವರು ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವೇಯ್ನ್ ವಿನ್‌ಸ್ಟನ್ ಮತ್ತು ಅವರ ಗೆಳೆಯ ಜೆಫ್ ಸಗಾರಿನ್. ವಿನ್‌ಸ್ಟನ್ ಅವರ ಹಳೆಯ ವಿದ್ಯಾರ್ಥಿ ಮಾರ್ಕ್ ಕ್ಯೂಬನ್ 2000ದಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಖರೀದಿಸಿದ್ದೇ ಇವರಿಗೆ ಪ್ರಯೋಗಶಾಲೆಯಾಯಿತು. ಜೊತೆಗಿದ್ದ ನಾಲ್ವರು ಯಾರು, ಎದುರಿಗಿದ್ದ ಐವರು ಯಾರು ಎಂಬುದನ್ನೆಲ್ಲ ಸಮೀಕರಣಗಳಲ್ಲಿ ಹಾಕಿ ಒಬ್ಬನ ಪಾಲನ್ನು ಬೇರ್ಪಡಿಸುವ ಲೆಕ್ಕ ಅದು. 2011ರ ಫೈನಲ್‌ನಲ್ಲಿ ಮಯಾಮಿ 2–1ರಿಂದ ಮುಂದಿತ್ತು. ಡಲ್ಲಾಸ್‌ನ ಪುಟ್ಟ ಗಾರ್ಡ್ ಜೆ.ಜೆ. ಬಾರಿಯಾ ಅವರ ಶಾಟ್‌ಗಳು ಬೀಳುತ್ತಲೇ ಇರಲಿಲ್ಲ. ಬಾಕ್ಸ್ ಸ್ಕೋರ್ ನೋಡಿದವರಾರೂ ಅವರನ್ನು ಮೊದಲ ಐವರಲ್ಲಿ ಇಳಿಸುತ್ತಿರಲಿಲ್ಲ. ಕೋಚ್ ರಿಕ್ ಕಾರ್ಲೈಲ್ ನಾಲ್ಕನೇ ಪಂದ್ಯಕ್ಕೆ ಇಳಿಸಿಯೇಬಿಟ್ಟರು. ಅವರಿದ್ದ ಜೋಡಣೆಗಳ ಲೆಕ್ಕ ಚೆನ್ನಾಗಿದೆ ಎಂಬುದು ತಂಡದ ಅಂಕಿಅಂಶ ಬಳಗಕ್ಕೆ ಗೊತ್ತಿತ್ತು. ಡಲ್ಲಾಸ್ ಮುಂದಿನ ಮೂರೂ ಪಂದ್ಯ ಗೆದ್ದು ಪ್ರಶಸ್ತಿ ಎತ್ತಿತು. ಬಾರಿಯಾಗೆ ಜಾಗ ಬಿಟ್ಟು ಬೆಂಚಿಗೆ ಸರಿದವರು ಯಾರೆಂದರೆ, ರಿಕಿ ಡೇವಿಸ್‌ಗೆ ಫೌಲ್ ಮಾಡಿದ್ದ ಅದೇ ಡಿಶಾನ್ ಸ್ಟೀವನ್‌ಸನ್.

ಈ ಬಗೆಯ ಓದನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ್ದು ಮೈಕಲ್ ಲೂಯಿಸ್ 2009ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ನಿಯತಕಾಲಿಕದಲ್ಲಿ ಬರೆದ ದೀರ್ಘ ಲೇಖನ. ಅದರ ನಾಯಕ ಹ್ಯೂಸ್ಟನ್‌ನ ಶೇನ್ ಬ್ಯಾಟಿಯೆ. ಸರಾಸರಿ ಹತ್ತು ಅಂಕವೂ ಇಲ್ಲ, ರಿಬೌಂಡ್ ಕಡಿಮೆ, ಬ್ಲಾಕ್ ಅಪರೂಪ. ಆದರೂ ಅವರಿದ್ದಾಗ ಜೊತೆಗಾರರೆಲ್ಲ ಇದ್ದುದಕ್ಕಿಂತ ಚೆನ್ನಾಗಿ, ಎದುರಾಳಿಗಳೆಲ್ಲ ಇದ್ದುದಕ್ಕಿಂತ ಕೆಟ್ಟದಾಗಿ ಆಡುತ್ತಿದ್ದರು. ಮ್ಯಾನೇಜರ್ ಡ್ಯಾರಿಲ್ ಮೋರಿ ಅವರ ಕಚೇರಿ ಪಂದ್ಯಕ್ಕೆ ಮೊದಲೇ ಲೇಕರ್ಸ್‌ನ ಕೋಬಿ ಬ್ರಯಾಂಟ್ ಎಲ್ಲಿಂದ ಎಸೆದರೆ ಎಷ್ಟು ಬೀಳುತ್ತದೆ ಎಂಬ ಕಂತೆ ಕೊಡುತ್ತಿತ್ತು. ಬ್ಯಾಟಿಯೆ ಶಾಟ್ ತಡೆಯಲು ಹಾರುತ್ತಿರಲಿಲ್ಲ. ಬ್ರಯಾಂಟ್‌ರನ್ನು ಅವರಿಗೆ ಒಗ್ಗದ ಜಾಗದತ್ತ ತಳ್ಳಿ, ಕಣ್ಣಿಗೆ ಅಡ್ಡವಾಗಿ ಕೈ ಹಿಡಿಯುತ್ತಿದ್ದರು. ಅದಕ್ಕೆ ಯಾವ ಕಾಲಂ? ಒಮ್ಮೆ ಸ್ಯಾನ್ ಆಂಟೋನಿಯೊ ವಿರುದ್ಧ, ಮನು ಜಿನೊಬಿಲಿ ಬೆಂಚಿನಿಂದ ಬರುವ ಆಟಗಾರ ಎಂದು ತಿಳಿದು, ತಮ್ಮನ್ನೂ ಆರಂಭದಲ್ಲಿ ಆಡಿಸಬೇಡಿ, ಜಿನೊಬಿಲಿ ಇಳಿದಾಗಲೇ ಇಳಿಸಿ ಎಂದು ಕೋಚ್ ಅವರನ್ನು ಕೇಳಿಕೊಂಡರು. ಆರಂಭಿಕ ಐವರಲ್ಲಿ ಹೆಸರು ಬರಲೆಂದು ಜಗಳವಾಡುವ ಲೀಗಿನಲ್ಲಿ ಇದು ನಡೆದದ್ದು.

ಕೈಯ ಆಚೆಗೆ ಕಣ್ಣಿನ ಕೆಲಸವನ್ನೂ ಯಂತ್ರ ವಹಿಸಿಕೊಂಡದ್ದು ಆಮೇಲೆ. ಕ್ಷಿಪಣಿಗಳ ಜಾಡು ಹಿಡಿಯುವ ವಿದ್ಯೆ ಬಲ್ಲ ಇಸ್ರೇಲಿ ವಿಜ್ಞಾನಿಯೊಬ್ಬರ ಕಂಪನಿಯಿಂದ ಹುಟ್ಟಿದ ‘ಸ್ಪೋರ್ಟ್‌ವಿಯು’ ವ್ಯವಸ್ಥೆ 2013–14ರ ಹೊತ್ತಿಗೆ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳ ಚಾವಣಿಗೇರಿತು: ಆರು ಕ್ಯಾಮೆರಾ, ಸೆಕೆಂಡಿಗೆ 25 ಸಲ ಹತ್ತೂ ಆಟಗಾರರ ಮತ್ತು ಚೆಂಡಿನ ಜಾಗದ ದಾಖಲೆ. ಅದಕ್ಕೆ ಪೂರಕವಾಗಿ 2016ರ ಪ್ಲೇಆಫ್‌ನಿಂದ ಲೀಗ್ ‘ಹಸಲ್’ ಅಂಕಿಗಳನ್ನು ಪ್ರಕಟಿಸತೊಡಗಿತು. ಪಾಸಿಗೆ ಬೆರಳು ತಾಗಿಸಿ ದಿಕ್ಕು ತಪ್ಪಿಸಿದ್ದು, ಒಡೆಯನಿಲ್ಲದೆ ಉರುಳುವ ಚೆಂಡಿಗೆ ಮೈ ಚೆಲ್ಲಿದ್ದು, ನುಗ್ಗಿ ಬರುವವನಿಗೆ ಎದೆಯೊಡ್ಡಿ ಚಾರ್ಜ್ ಫೌಲ್ ಪಡೆದದ್ದು, ಎದುರಾಳಿಯ ಶಾಟ್‌ಗೆ ಕೈ ಎತ್ತಿದ್ದು. ಬ್ಯಾಟಿಯೆ ನಿವೃತ್ತರಾಗಿ ಎರಡು ವರ್ಷಗಳಾಗಿದ್ದವು.

ಅಂತರರಾಷ್ಟ್ರೀಯ ಫೆಡರೇಷನ್ ಫಿಬಾ ಕೂಡ ತನ್ನ ಬಾಕ್ಸ್ ಸ್ಕೋರಿನಲ್ಲಿ ಎಫಿಶಿಯೆನ್ಸಿ, ಪ್ಲಸ್-ಮೈನಸ್ ಎರಡೂ ವಂಶಗಳಿಗೆ ಜಾಗ ಕೊಟ್ಟಿದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಾಕಸ್ತಾನವನ್ನು 75–73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಏರಿತು. ಫಿಬಾದ ಪಟ್ಟಿಗಳಲ್ಲಿ ಪ್ರತಿ ಆಟಗಾರ್ತಿಯ ಸಾಲಿನ ಬಲತುದಿಗೆ ಪ್ಲಸ್-ಮೈನಸ್ ಮತ್ತು ಎಫಿಶಿಯೆನ್ಸಿ ಅಕ್ಕಪಕ್ಕದಲ್ಲೇ ಬರುತ್ತವೆ. ಎಫಿಶಿಯೆನ್ಸಿ ಆಟಗಾರ್ತಿಯ ಕೈಗೆ ದಕ್ಕಿದ್ದನ್ನಷ್ಟೇ ಎಣಿಸುತ್ತದೆ, ಪ್ಲಸ್-ಮೈನಸ್ ಆಕೆ ಅಂಕಣದಲ್ಲಿ ನಿಂತಿದ್ದಾಗ ತಂಡಕ್ಕೆ ಏನಾಯಿತು ಎಂಬುದನ್ನು. ಎರಡೂ ಒಂದನ್ನೊಂದು ಒಪ್ಪದ ಸಾಲು ಸಿಕ್ಕರೆ ಕೋಚ್ ಆ ಹೆಸರಿಗೆ ಗೆರೆ ಎಳೆದು, ವಿಡಿಯೊ ಹಿಂದಕ್ಕೆ ಓಡಿಸುತ್ತಾರೆ.